ಬಿಯರ್‌ನಲ್ಲಿ ಬೂಷ್ಟಿನ ವಿಷ: ಎಷ್ಟಿರುತ್ತದೆ, ಎಲ್ಲಿಂದ ಬರುತ್ತದೆ, ಯಾರು ಎಚ್ಚರವಾಗಿರಬೇಕು?

ಪ್ರಶ್ನೆ: ನನಗೆ 38 ವರ್ಷ, ತೂಕ 60 ಕೆ.ಜಿ. ವಾರದಲ್ಲಿ ಮೂರ್ನಾಲ್ಕು ದಿನ ಬಿಯರ್ ಕುಡಿಯುತ್ತೇನೆ. ಈಚೆಗೆ ಸಣ್ಣ ಬ್ರೂವರಿಗಳ ಸ್ಟ್ರಾಂಗ್ ಕಪ್ಪು ಬಿಯರ್ ತುಂಬಾ ಹಿಡಿಸಿದೆ. ಬಿಯರ್‌ನಲ್ಲಿ ಬೂಷ್ಟಿನ ವಿಷ ಇರುತ್ತದೆ ಎಂದು ಓದಿದ ಮೇಲೆ ಗಾಬರಿಯಾಗಿದೆ. ಕುದಿಸುವಾಗ ಅದು ಹಾಳಾಗುವುದಿಲ್ಲವೇ? ಆಲ್ಕೋಹಾಲ್ ಅದನ್ನು ಕೊಲ್ಲುವುದಿಲ್ಲವೇ? ಬಾಟಲಿ ನೋಡಿ ಕಂಡುಹಿಡಿಯಬಹುದೇ? ನನ್ನ ತಮ್ಮ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಅದು ಅಂಗಡಿಯದಕ್ಕಿಂತ ವಾಸಿಯೇ?

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಬಿಯರ್‌ನಲ್ಲಿ ಬೂಷ್ಟಿನ ವಿಷದ ಅಂಶ ಸಿಗುವುದು ನಿಜ. ಆದರೆ ಮಾಮೂಲಿ ಬಿಯರ್‌ನಲ್ಲಿ ಅದರ ಪ್ರಮಾಣ ಬಹಳ ಕಡಿಮೆ. ಒಂದು ಗ್ಲಾಸ್ ಕುಡಿದು ಯಾರೂ ಅದರಿಂದ ಕಾಯಿಲೆ ಬೀಳುವುದಿಲ್ಲ. ಗಮನ ಕೊಡಬೇಕಾದವರು ಸ್ಟ್ರಾಂಗ್ ಬಿಯರ್ ಅನ್ನು ಪದೇ ಪದೇ, ಜಾಸ್ತಿ ಪ್ರಮಾಣದಲ್ಲಿ ಕುಡಿಯುವವರು. ನೀವು ಬರೆದಿರುವುದನ್ನು ನೋಡಿದರೆ ನೀವೂ ಆ ಗುಂಪಿನ ಹತ್ತಿರ ಬರುತ್ತಿದ್ದೀರಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಬೂಷ್ಟು ಎಂದ ಕೂಡಲೇ ಬಾಟಲಿಯೊಳಗೆ ಏನೋ ಬೆಳೆದಿದೆ ಎಂದು ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಮುಚ್ಚಿದ ಬಿಯರ್‌ನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ ಹುಳಿ ಇದೆ, ಆಲ್ಕೋಹಾಲ್ ಇದೆ. ಅಲ್ಲಿ ಬೂಷ್ಟು ಬೆಳೆಯಲಾರದು. ವಿಷ ಬರುವುದು ಕಾಳಿನಿಂದ. ಬಾರ್ಲಿ ಅಥವಾ ಗೋಧಿ ಹೊಲದಲ್ಲಿ ಹೂ ಬಿಡುವ ಹೊತ್ತಿಗೆ ಮಳೆ ಹಿಡಿದರೆ ಫ್ಯುಸೇರಿಯಂ ಎಂಬ ಶಿಲೀಂಧ್ರ ತೆನೆಗೆ ಹತ್ತುತ್ತದೆ. ಇಡೀ ತೆನೆ ಹಸಿರಾಗಿರುವಾಗ ನಡುವೆ ನಾಲ್ಕು ಕಾಳು ಮಾತ್ರ ಅವಧಿಗೆ ಮುಂಚೆ ಬಿಳಿಚಿಕೊಂಡಿರುತ್ತವೆ. ಹತ್ತಿರದಿಂದ ನೋಡಿದರೆ ಸಿಪ್ಪೆಯ ಅಂಚಿನಲ್ಲಿ ತಿಳಿ ಗುಲಾಬಿ ಬಣ್ಣದ ಪುಡಿ ಕಾಣುತ್ತದೆ. ಆ ಕಾಳು ಒಣಗಿದಾಗ ಸುಕ್ಕುಗಟ್ಟಿ ಹಗುರವಾಗುತ್ತದೆ. ವಿಷ ಇರುವುದು ಅದರಲ್ಲಿ.

ಈ ಶಿಲೀಂಧ್ರ ಮಾಡುವ ಮುಖ್ಯ ವಿಷದ ಹೆಸರು ಡಿಆಕ್ಸಿನಿವಲೆನಾಲ್. ಚಿಕ್ಕದಾಗಿ ಡಾನ್ ಎನ್ನುತ್ತಾರೆ. 1970ರ ದಶಕದ ಆರಂಭದಲ್ಲಿ ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳು ಇದನ್ನು ಬೇರ್ಪಡಿಸಿದರು. ಕೆಟ್ಟ ಮುಸುಕಿನ ಜೋಳ ತಿಂದ ಹಂದಿಗಳು ವಾಂತಿ ಮಾಡುತ್ತಿದ್ದ ಕಾರಣ ಇದಕ್ಕೆ ವಾಮಿಟಾಕ್ಸಿನ್ ಎಂಬ ಇನ್ನೊಂದು ಹೆಸರೂ ಇದೆ. ಜೀವಕೋಶ ಪ್ರೊಟೀನ್ ತಯಾರಿಸುವ ಕೆಲಸಕ್ಕೆ ಇದು ಅಡ್ಡಿ ಮಾಡುತ್ತದೆ. ಜಾಸ್ತಿ ಹೊಟ್ಟೆಗೆ ಹೋದರೆ ವಾಕರಿಕೆ, ವಾಂತಿ, ಭೇದಿ. ಸ್ವಲ್ಪ ಸ್ವಲ್ಪವೇ ಬಹಳ ದಿನ ಹೋದರೆ ಪ್ರಾಣಿಗಳಲ್ಲಿ ಹಸಿವು ಕುಗ್ಗಿ, ತೂಕ ಏರದಿರುವುದು ಕಂಡಿದೆ. ಕ್ಯಾನ್ಸರ್ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡಾನ್ ಅನ್ನು ಮೂರನೇ ಗುಂಪಿಗೆ ಹಾಕಿದೆ. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಯೇ ಎಂದು ವರ್ಗೀಕರಿಸಲು ಸಾಕಷ್ಟು ಪುರಾವೆ ಇಲ್ಲ ಎಂದು ಅದರ ಅರ್ಥ.

ಇನ್ನು ನಿಮ್ಮ ಕುದಿಸುವ ಪ್ರಶ್ನೆ. ಬೂಷ್ಟು ಜೀವಿ, ಕುದಿಸಿದರೆ ಸಾಯುತ್ತದೆ. ಆದರೆ ಅದು ಬಿಟ್ಟು ಹೋದ ವಿಷ ಜೀವಿಯಲ್ಲ, ರಾಸಾಯನಿಕ. ಬಿಯರ್ ರಸವನ್ನು ಒಂದು ಗಂಟೆ ಕುದಿಸಿದರೂ ಡಾನ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆಲ್ಕೋಹಾಲ್ ಅದಕ್ಕೆ ಏನೂ ಮಾಡುವುದಿಲ್ಲ.

ಹಾಗಾದರೆ ಬ್ರೂವರಿಯಲ್ಲಿ ಈ ವಿಷಕ್ಕೆ ಏನಾಗುತ್ತದೆ? ಬಾರ್ಲಿಯನ್ನು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಮಾಡಲು ಮೊದಲು ನೀರಿನಲ್ಲಿ ನೆನೆಹಾಕುತ್ತಾರೆ. ಡಾನ್ ನೀರಿನಲ್ಲಿ ಕರಗುವ ವಸ್ತು. ಆ ನೀರು ಚೆಲ್ಲಿದಾಗ ಕಾಳಿನ ಮೇಲಿನ ಡಾನ್‌ನ ದೊಡ್ಡ ಪಾಲು ಅದರ ಜೊತೆ ಹೊರಟುಹೋಗುತ್ತದೆ. ಇಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಬರೆಯಬೇಕಿರಲಿಲ್ಲ. ನೆನೆದ ಕಾಳು ಆಮೇಲೆ ನಾಲ್ಕೈದು ದಿನ ಮೊಳಕೆಗೆ ಕೂರುತ್ತದೆ. ತೇವ ಇದೆ, ಗಾಳಿ ಇದೆ, ಹದವಾದ ತಂಪಿದೆ. ಕಾಳಿನೊಳಗೆ ಜೀವಂತ ಉಳಿದ ಫ್ಯುಸೇರಿಯಂಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಮತ್ತೆ ಚಿಗುರಿಕೊಂಡು ಹೊಸದಾಗಿ ವಿಷ ಮಾಡುತ್ತದೆ. ಹಾಗಾಗಿ ನೆನೆಹಾಕಿದಾಗ ಇಳಿದ ಮಟ್ಟ ಮಾಲ್ಟ್ ಆಗುವಷ್ಟರಲ್ಲಿ ಮತ್ತೆ ಏರಬಹುದು.

ಇದೇ ಹಂತದಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ಮೊಳೆಯುತ್ತಿರುವ ಬಾರ್ಲಿ ತನ್ನನ್ನು ಕಾಪಾಡಿಕೊಳ್ಳಲು ಡಾನ್‌ಗೆ ಒಂದು ಸಕ್ಕರೆ ಅಣುವನ್ನು ಅಂಟಿಸುತ್ತದೆ. ಆಗ ಅದು ಡಾನ್-3-ಗ್ಲುಕೋಸೈಡ್ ಆಗುತ್ತದೆ. ಗಿಡಕ್ಕೆ ಇದರಿಂದ ತೊಂದರೆ ಇಲ್ಲ. ಆದರೆ ಬರೀ ಡಾನ್ ಹುಡುಕುವ ಪರೀಕ್ಷೆಗೆ ಇದು ಸಿಗುವುದಿಲ್ಲ. ವರದಿಯಲ್ಲಿ ಮಾಲ್ಟ್ ಚೊಕ್ಕಟ ಎಂದು ಬರುತ್ತದೆ. ಬಿಯರ್ ಕುಡಿದಾಗ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಬಿಡಿಸಿ ಡಾನ್ ಅನ್ನು ವಾಪಸ್ ಹೊರಗೆ ಬಿಡುತ್ತವೆ. ಕೆಲವು ಬಿಯರ್‌ಗಳಲ್ಲಿ ಬರೀ ಡಾನ್‌ಗಿಂತ ಈ ಅಡಗಿದ ರೂಪವೇ ಜಾಸ್ತಿ ಇರುತ್ತದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಎರಡನ್ನೂ ಕೂಡಿಸಿಯೇ ಲೆಕ್ಕ ಹಿಡಿಯಬೇಕು ಎಂದು ಹೇಳಿತು. ಅದು ಸರಿಯಾದ ತೀರ್ಮಾನ. ಯಾರಾದರೂ ನಿಮಗೆ ಬಿಯರ್‌ನ ಲ್ಯಾಬ್ ವರದಿ ತೋರಿಸಿದರೆ ಮೊದಲು ಇದನ್ನೇ ಕೇಳಿ: ಗ್ಲುಕೋಸೈಡ್ ಸೇರಿದೆಯೋ ಇಲ್ಲವೋ?

ಮಾಲ್ಟ್ ಆದ ಮೇಲೆ ದಾರಿ ನೇರ. ಬಿಸಿನೀರಿನಲ್ಲಿ ಮಾಲ್ಟ್ ಕಲಸಿ ರಸ ತೆಗೆಯುವಾಗ ಡಾನ್ ರಸದ ಜೊತೆ ಬರುತ್ತದೆ. ಯೀಸ್ಟ್ ಅದಕ್ಕೆ ಅಷ್ಟಾಗಿ ತಂಟೆ ಮಾಡುವುದಿಲ್ಲ. ಕೊನೆಗೆ ಗ್ಲಾಸಿಗೆ ಬರುತ್ತದೆ. ನೀರಿನಲ್ಲಿ ಸರಿಯಾಗಿ ಕರಗದ ವಿಷಗಳ ಕಥೆ ಬೇರೆ. ಫ್ಯುಸೇರಿಯಂ ಮಾಡುವ ಝಿಯರಲೆನೋನ್ ಈಸ್ಟ್ರೋಜೆನ್ ಹಾರ್ಮೋನಿನಂತೆ ವರ್ತಿಸುವ ವಿಷ. ಅದರ ಬಹುಪಾಲು ರಸ ತೆಗೆದ ಮಾಲ್ಟಿನ ಚರಟದಲ್ಲೇ ಉಳಿಯುತ್ತದೆ. ಅಫ್ಲಾಟಾಕ್ಸಿನ್ ಮತ್ತು ಆಕ್ರಟಾಕ್ಸಿನ್ ಎಂಬ ಬೇರೆ ಬೂಷ್ಟುಗಳ ವಿಷಗಳೂ ಸ್ವಲ್ಪ ಮಟ್ಟಿಗೆ ಚರಟಕ್ಕೆ ಮತ್ತು ಯೀಸ್ಟ್‌ಗೆ ಅಂಟಿಕೊಳ್ಳುತ್ತವೆ. ಬಿಯರ್ ಕುಡಿಯುವವರಿಗೆ ಇದು ಒಳ್ಳೆಯದೇ. ಆದರೆ ಆ ಚರಟ ಹಸುವಿನ ಮೇವಾಗುತ್ತದೆ. ಅಫ್ಲಾಟಾಕ್ಸಿನ್ ತಿಂದ ಹಸುವಿನ ಹಾಲಿನಲ್ಲಿ ಅದು ಎಂ1 ಎಂಬ ರೂಪದಲ್ಲಿ ಬರುತ್ತದೆ. ಬಿಯರ್ ಮುಟ್ಟದವರಿಗೂ ಬ್ರೂವರಿಯ ಧಾನ್ಯದ ಗುಣಮಟ್ಟ ಸಂಬಂಧ ಪಡುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಈಗ ಅಂಕಿಗಳಿಗೆ ಬರೋಣ. ಈ ವಿಷಯದಲ್ಲಿ ದೊಡ್ಡ ಸಮೀಕ್ಷೆಯೊಂದು 2017ರಲ್ಲಿ ಪ್ರಕಟವಾಯಿತು. 47 ದೇಶಗಳಿಂದ ತಂದ 1,000 ಬಿಯರ್‌ಗಳನ್ನು ಅದರಲ್ಲಿ ಪರೀಕ್ಷಿಸಿದರು. ಸುಮಾರು 60 ಶೇಕಡಾ ಕ್ರಾಫ್ಟ್ ಬಿಯರ್‌ಗಳು, ಅಂದರೆ ಸಣ್ಣ ಬ್ರೂವರಿಯವು. 406 ಬಿಯರ್‌ಗಳಲ್ಲಿ ಡಾನ್ ಮತ್ತು ಅದರ ಗ್ಲುಕೋಸೈಡ್ ಸೇರಿ ಲೀಟರಿಗೆ 10ರಿಂದ 475 ಮೈಕ್ರೊಗ್ರಾಂ ತನಕ ಕಂಡಿತು. ಒಂದು ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ನಿಮಗೆ ಇಷ್ಟವಾದ ಜಾತಿಯ ಬಿಯರ್, ಇಂಪೀರಿಯಲ್ ಸ್ಟೌಟ್, ಆ ಪಟ್ಟಿಯಲ್ಲಿ ಮುಂದಿತ್ತು. ಅವುಗಳಲ್ಲಿ 83 ಶೇಕಡಾ ಬಾಟಲಿಗಳಲ್ಲಿ ಅಂಶ ಕಂಡಿತು. 29 ಶೇಕಡಾದಲ್ಲಿ ಅದು ಲೀಟರಿಗೆ 100 ಮೈಕ್ರೊಗ್ರಾಂ ದಾಟಿತ್ತು. ಇವು ಬೇಗ ಜಾಲಾಡುವ ಮೊದಲ ಸುತ್ತಿನ ಪರೀಕ್ಷೆಯ ಅಂಕಿಗಳು. ಇನ್ನೂ ನಿಖರವಾದ ಯಂತ್ರದಲ್ಲಿ ಮತ್ತೆ ನೋಡಿದಾಗ ಕೆಲವು ಹೊಂದಲಿಲ್ಲ ಎಂದು ಆ ಸಂಶೋಧಕರೇ ಬರೆದಿದ್ದಾರೆ. ಆದ್ದರಿಂದ ಒಂದೊಂದು ಅಂಕಿಗೂ ಜೋತು ಬೀಳಬೇಡಿ. ಯಾವ ಜಾತಿಯಲ್ಲಿ ಹೆಚ್ಚು ಅನ್ನುವುದನ್ನು ಗಮನಿಸಿ.

ಕಪ್ಪು ಬಿಯರ್‌ನಲ್ಲಿ ಯಾಕೆ ಜಾಸ್ತಿ? ಕಪ್ಪು ಬಣ್ಣದಿಂದಲ್ಲ. ಮಾಲ್ಟ್ ಜಾಸ್ತಿ ಬೀಳುತ್ತದೆ, ಅಷ್ಟೆ. ಒಂದು ಲೀಟರ್ ಮಾಮೂಲಿ ಬಿಯರ್‌ಗೆ ಸುಮಾರು 200 ಗ್ರಾಂ ಮಾಲ್ಟ್ ಸಾಕು. ಇಂಪೀರಿಯಲ್ ಸ್ಟೌಟ್‌ಗೆ ಅದರ ಒಂದೂವರೆಯಿಂದ ಎರಡು ಪಟ್ಟು ಬೇಕು. ಕಿಲೋಗೆ 500 ಮೈಕ್ರೊಗ್ರಾಂ ಡಾನ್ ಇರುವ ಮಾಲ್ಟ್ ತಂದರು ಎನ್ನಿ. ಅದೆಲ್ಲ ರಸಕ್ಕೆ ಇಳಿದರೆ ಮಾಮೂಲಿ ಬಿಯರ್‌ನಲ್ಲಿ ಲೀಟರಿಗೆ 100 ಆಗುತ್ತದೆ. ಅದೇ ಮೂಟೆಯ ಮಾಲ್ಟಿನಿಂದ ಸ್ಟೌಟ್ ಮಾಡಿದರೆ 150ರಿಂದ 200. ಡಬ್ಬಿಯ ಮೇಲೆ ಆಲ್ಕೋಹಾಲ್ ಶೇಕಡಾ ಏರಿದಷ್ಟೂ ಸಾಮಾನ್ಯವಾಗಿ ಮಾಲ್ಟ್ ಏರಿರುತ್ತದೆ, ಮಾಲ್ಟಿನಲ್ಲಿದ್ದದ್ದೂ ಏರಿರುತ್ತದೆ. ಅಕ್ಕಿ ಅಥವಾ ಸಕ್ಕರೆ ಪಾಕ ಬೆರೆಸಿ ಸ್ಟ್ರಾಂಗ್ ಮಾಡಿದ ಬಿಯರ್‌ಗೆ ಈ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ.

ನಿಮ್ಮ ದೇಹದ ಲೆಕ್ಕ ಹಾಕೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಡಾನ್‌ಗೆ ಇಟ್ಟಿರುವ ಮಿತಿ ದಿನಕ್ಕೆ, ದೇಹದ ಒಂದು ಕಿಲೋಗೆ 1 ಮೈಕ್ರೊಗ್ರಾಂ. ಬದುಕಿಡೀ ದಿನಾ ಇಷ್ಟು ಹೋದರೂ ಪರವಾಗಿಲ್ಲ ಎನ್ನುವ ಮಟ್ಟ ಅದು. ನಿಮ್ಮ ತೂಕಕ್ಕೆ 60 ಮೈಕ್ರೊಗ್ರಾಂ. ಲೀಟರಿಗೆ 10 ಇರುವ ಬಿಯರ್ ಅರ್ಧ ಲೀಟರ್ ಕುಡಿದರೆ 5 ಮೈಕ್ರೊಗ್ರಾಂ. ಅದು ಲೆಕ್ಕಕ್ಕೇ ಇಲ್ಲ. ಲೀಟರಿಗೆ 100 ಇರುವ ಸ್ಟೌಟ್ ಅರ್ಧ ಲೀಟರ್ ಕುಡಿದರೆ 50. ಆ ದಿನದ ಮಿತಿ ಹೆಚ್ಚುಕಡಿಮೆ ಬಿಯರ್‌ನಲ್ಲೇ ಮುಗಿಯಿತು. ಆದರೆ ನೀವು ಬಿಯರ್ ಮಾತ್ರ ಸೇವಿಸುವುದಿಲ್ಲ ಅಲ್ವಾ? ಗೋಧಿಯ ಬ್ರೆಡ್, ಪಾಸ್ತಾ, ಬಿಸ್ಕತ್ತಿನಲ್ಲೂ ಡಾನ್ ಇರುತ್ತದೆ. ನಿಜ ಹೇಳಬೇಕೆಂದರೆ ಹೆಚ್ಚಿನವರಿಗೆ ಡಾನ್ ಬರುವ ದೊಡ್ಡ ದಾರಿ ಗೋಧಿಯೇ, ಬಿಯರ್ ಅಲ್ಲ. ಬಿಯರ್ ಅದರ ಮೇಲೆ ಬಂದು ಸೇರುತ್ತದೆ.

ಸಮೀಕ್ಷೆಯ ಅತಿ ಕೆಟ್ಟ ಬಾಟಲಿ, 475ರದ್ದು, ಅರ್ಧ ಲೀಟರ್ ಕುಡಿದರೆ ಸುಮಾರು 237 ಮೈಕ್ರೊಗ್ರಾಂ. ದಿನದ ಮಿತಿಯ ನಾಲ್ಕು ಪಟ್ಟು. ಹಾಗಾದರೆ ವಾಂತಿ ಆಗುತ್ತದೆಯೇ? ಇಲ್ಲ. ಒಂದು ಹೊತ್ತಿಗೆ ಒಟ್ಟಿಗೆ ಹೋದಾಗ ತೊಂದರೆ ಕೊಡದ ಮಟ್ಟಕ್ಕೆ ಬೇರೆ ಮಿತಿ ಇದೆ, ಕಿಲೋಗೆ 8 ಮೈಕ್ರೊಗ್ರಾಂ. ನಿಮಗೆ 480. ಅಂಥ ಬಾಟಲಿಯೂ ಅದರ ಅರ್ಧದಷ್ಟೇ. ಹಾಗಾಗಿ ಕುಡಿದ ಮರುದಿನ ಬೆಳಿಗ್ಗೆಯ ತಲೆನೋವು, ವಾಕರಿಕೆಯನ್ನು ಬೂಷ್ಟಿನ ತಲೆಗೆ ಕಟ್ಟಬೇಡಿ. ಅದು ಆಲ್ಕೋಹಾಲ್‌ನ ಕೆಲಸ. ದಿನದ ಮಿತಿ ಒಂದು ದಿನ ದಾಟಿದರೆ ಅನಾಹುತ ಆಗುವುದಿಲ್ಲ. ವಾರ ವಾರವೂ, ವರ್ಷ ವರ್ಷವೂ ದಾಟುತ್ತಿದ್ದರೆ ಅದು ಚಿಂತೆಯ ವಿಷಯ.

ಉಳಿದ ವಿಷಗಳನ್ನು ಬೇಗ ಹೇಳಿಬಿಡುತ್ತೇನೆ. ಆಕ್ರಟಾಕ್ಸಿನ್ ಗೋದಾಮಿನ ತೇವದಲ್ಲಿ ಹುಟ್ಟುವಂಥದ್ದು, ಕಿಡ್ನಿಗೆ ಕೆಟ್ಟದ್ದು. ಬಿಯರ್‌ನಲ್ಲಿ ಸಿಕ್ಕರೂ ಸಾಮಾನ್ಯವಾಗಿ ಅತಿ ಕಡಿಮೆ. ಅಫ್ಲಾಟಾಕ್ಸಿನ್ ಇವೆಲ್ಲಕ್ಕಿಂತ ಅಪಾಯಕಾರಿ. ಅದು ಲಿವರ್ ಕ್ಯಾನ್ಸರ್ ತರುತ್ತದೆ ಎನ್ನುವುದು ಸಾಬೀತಾಗಿದೆ. ಹೆಪಟೈಟಿಸ್ ಬಿ ಇರುವವರಿಗೆ ಆ ಅಪಾಯ ಹಲವು ಪಟ್ಟು ಏರುತ್ತದೆ. ಆದರೆ ಅದು ಬಿಸಿ ಪ್ರದೇಶಗಳ ಮುಸುಕಿನ ಜೋಳ, ಕಡಲೆಕಾಯಿಯ ಪೀಡೆ. ಬರೀ ಬಾರ್ಲಿಯ ಬಿಯರ್‌ನಲ್ಲಿ ಅಪರೂಪ. ಫ್ಯುಮೊನಿಸಿನ್ ಎನ್ನುವುದು ಮುಸುಕಿನ ಜೋಳದ ಇನ್ನೊಂದು ವಿಷ. 1988ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇದನ್ನು ಗುರುತಿಸಿದರು. ಇದೂ ನೀರಿನಲ್ಲಿ ಕರಗುತ್ತದೆ, ಹುದುಗಿದರೂ ಉಳಿಯುತ್ತದೆ. ಜೋಳ ಬೆರೆಸಿ ಮಾಡುವ ಅಗ್ಗದ ತಿಳಿ ಬಿಯರ್‌ಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಆ 2017ರ ಸಮೀಕ್ಷೆಯಲ್ಲಿ ಇಟಲಿ ಮತ್ತು ಸ್ಪೇನಿನ ಕೆಲವು ದೊಡ್ಡ ಕಂಪನಿಗಳ ಲಾಗರ್ ಎಂಬ ತಿಳಿ ಬಿಯರ್‌ಗಳಲ್ಲಿ ಸಿಕ್ಕಿತ್ತು. ಸಣ್ಣ ಬ್ರೂವರಿಯದು ಕೆಟ್ಟದ್ದು, ದೊಡ್ಡ ಕಂಪನಿಯದು ಒಳ್ಳೆಯದು ಎಂದು ಸುಮ್ನೆ ಗೆರೆ ಎಳೆಯಲು ಆಗದಿರುವುದು ಇದಕ್ಕೇ.

ನನಗೆ ನಿಜವಾಗಿ ನೋವಾಗುವುದು ದಕ್ಷಿಣ ಆಫ್ರಿಕಾದ ಹಿಂದಿನ ಟ್ರಾನ್ಸ್‌ಕೈ ಪ್ರದೇಶದ ವಿಷಯ ನೆನೆದಾಗ. ಅಲ್ಲಿ ಮುಸುಕಿನ ಜೋಳವೇ ಊಟ. ಒಳ್ಳೆಯ ಜೋಳ ಊಟಕ್ಕೆ ಎತ್ತಿಟ್ಟು, ಬೂಷ್ಟು ಹಿಡಿದದ್ದನ್ನು ಮನೆಯ ಬಿಯರ್‌ಗೆ ಹಾಕುವ ರೂಢಿ ಇತ್ತು. ಆ ಬಿಯರ್‌ನಲ್ಲಿ ಫ್ಯುಮೊನಿಸಿನ್ ಸಿಕ್ಕಿದೆ. ಅಲ್ಲಿ ಅನ್ನನಾಳದ ಕ್ಯಾನ್ಸರ್ ಜಾಸ್ತಿ ಇರುವುದಕ್ಕೂ ಇದಕ್ಕೂ ನಂಟಿದೆಯೇ ಎಂದು ದಶಕಗಳಿಂದ ಅಧ್ಯಯನ ನಡೆದಿದೆ. ಬೂಷ್ಟಿನ ವಿಷದ ಭಾರ ಹೊರುವವರು ಹೆಚ್ಚಾಗಿ ಇಂಥ ಜನ. ಕಾಳು ಆರಿಸಿಕೊಳ್ಳುವ ಅನುಕೂಲ ಅವರಿಗಿಲ್ಲ.

ಇನ್ನು ಆಲ್ಕೋಹಾಲ್ ಬಗ್ಗೆ ಹೇಳದೆ ಈ ಉತ್ತರ ಪ್ರಾಮಾಣಿಕ ಆಗುವುದಿಲ್ಲ. 5 ಶೇಕಡಾದ ಅರ್ಧ ಲೀಟರ್ ಬಿಯರ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ನಿಮ್ಮ 10 ಶೇಕಡಾದ ಸ್ಟೌಟ್‌ನಲ್ಲಿ 40 ಗ್ರಾಂ. ಮದ್ಯ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ಮೇಲೆ ಹೇಳಿದ ಅದೇ ಸಂಸ್ಥೆ 1988ರಲ್ಲೇ ಮೊದಲ ಗುಂಪಿಗೆ ಹಾಕಿದೆ. ಒಂದೇ ಗ್ಲಾಸಿನಲ್ಲಿ ಮೂರನೇ ಗುಂಪಿನ ವಸ್ತು ಮೈಕ್ರೊಗ್ರಾಂ ಲೆಕ್ಕದಲ್ಲಿದೆ, ಮೊದಲ ಗುಂಪಿನದು ಗ್ರಾಂ ಲೆಕ್ಕದಲ್ಲಿದೆ. ಬೂಷ್ಟಿನ ವಿಷ ಪೂರ್ತಿ ತೆಗೆದ ಬಿಯರ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ವಾರಕ್ಕೆ ನಾಲ್ಕು ದಿನ ಕುಡಿಯುವವರ ಅಪಾಯ ಅದರಿಂದ ಸ್ವಲ್ಪ ಮಾತ್ರ ಇಳಿಯುತ್ತದೆ. ಕುಡಿಯುವುದನ್ನು ಅರ್ಧಕ್ಕೆ ಇಳಿಸಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಬಾಟಲಿ ಬದಲಿಸುವ ಮೊದಲು ಎಷ್ಟು ಕುಡಿಯುತ್ತೀರಿ ಅನ್ನುವುದನ್ನು ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೆ.

ಬಾಟಲಿ ನೋಡಿ ಗೊತ್ತಾಗುತ್ತದೆಯೇ ಎಂದು ಕೇಳಿದ್ದೀರಿ. ಡಾನ್‌ಗೆ ಈ ಮಟ್ಟದಲ್ಲಿ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಒಂದು ಸುಳಿವು ಮಾತ್ರ ಇದೆ. ಬಾಟಲಿ ಅಲ್ಲಾಡಿಸಿಲ್ಲ, ತಣ್ಣಗಿದೆ, ಆದರೂ ಮುಚ್ಚಳ ತೆಗೆದ ಕೂಡಲೇ ಬಿಯರ್ ಬುಸ್ ಎಂದು ಉಕ್ಕಿ ಅರ್ಧ ಬಾಟಲಿ ಟೇಬಲ್ ಮೇಲೆ ಹರಿಯುತ್ತದೆ. ಬ್ರೂವರಿಯವರು ಇದನ್ನು ಗಶಿಂಗ್ ಎನ್ನುತ್ತಾರೆ. ಫ್ಯುಸೇರಿಯಂ ಹೊರಬಿಡುವ ಹೈಡ್ರೊಫೋಬಿನ್ ಎಂಬ ಪ್ರೊಟೀನ್ ಗ್ಯಾಸಿನ ಚಿಕ್ಕ ಚಿಕ್ಕ ಗುಳ್ಳೆಗಳ ಸುತ್ತ ಕವಚ ಕಟ್ಟುತ್ತದೆ. ಮುಚ್ಚಳ ತೆಗೆದು ಒತ್ತಡ ಇಳಿದಾಗ ಆ ಗುಳ್ಳೆಗಳೆಲ್ಲ ಒಟ್ಟಿಗೆ ಹಿಗ್ಗುತ್ತವೆ. ಆದರೆ ಉಕ್ಕಿದ ಬಿಯರ್‌ನಲ್ಲೆಲ್ಲ ಡಾನ್ ಇರಬೇಕೆಂದಿಲ್ಲ. ಗ್ಯಾಸ್ ಜಾಸ್ತಿ ತುಂಬಿದ್ದರೂ, ಕಾಡು ಯೀಸ್ಟ್ ಸೇರಿದ್ದರೂ ಉಕ್ಕುತ್ತದೆ. ಉಕ್ಕದ ಬಿಯರ್ ಚೊಕ್ಕಟ ಎಂದೂ ಹೇಳಲಾಗದು. ಒಂದೇ ಬ್ಯಾಚಿನ ಬಾಟಲಿಗಳು ಸಾಲಾಗಿ ಹೀಗೆ ಉಕ್ಕಿದರೆ ತಯಾರಕರಿಗೆ ತಿಳಿಸಿ, ಅವರ ಮಾಲ್ಟಿನ ವರದಿ ಕೇಳಿ.

ಕಾನೂನಿನ ಕಾವಲು ಬಿಯರ್‌ಗಿಂತ ಕಾಳಿನ ಮೇಲೆ ಜಾಸ್ತಿ. ಐರೋಪ್ಯ ಒಕ್ಕೂಟದಲ್ಲಿ ವೈನ್‌ನ ಆಕ್ರಟಾಕ್ಸಿನ್‌ಗೆ ಕಿಲೋಗೆ 2 ಮೈಕ್ರೊಗ್ರಾಂ ಎಂಬ ಮಿತಿ ಇದೆ. ಬಿಯರ್‌ನ ಡಾನ್‌ಗೆ ಅಂಥ ಪ್ರತ್ಯೇಕ ಮಿತಿ ಇಲ್ಲ. ಬಾರ್ಲಿ ಕಾಳಿನ ಡಾನ್‌ಗೆ ಇದ್ದ 1,250 ಮೈಕ್ರೊಗ್ರಾಂ ಮಿತಿಯನ್ನು 2024ರ ಜುಲೈನಿಂದ 1,000ಕ್ಕೆ ಇಳಿಸಿದ್ದಾರೆ. ಮಾಲ್ಟ್ ಕೊಳ್ಳುವ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಇದಕ್ಕಿಂತ ಬಿಗಿಯಾದ ಷರತ್ತು ಹಾಕುತ್ತವೆ. ಆ ಬಿಗಿ ಏನು ಮಾಡಬಲ್ಲದು ಎಂದು ಅಮೆರಿಕದಲ್ಲಿ ನೋಡಿದ್ದೇವೆ. 1993ರಲ್ಲಿ ನಾರ್ತ್ ಡಕೋಟಾ, ಮಿನೆಸೋಟದ ರೆಡ್ ನದಿ ಕಣಿವೆಯಲ್ಲಿ ಮಳೆ ಬಿಡದೆ ಸುರಿದು ಫ್ಯುಸೇರಿಯಂ ರೋಗ ಹಬ್ಬಿತು. ಅಲ್ಲಿನ ಬಾರ್ಲಿಯನ್ನು ಮಾಲ್ಟ್ ಕಂಪನಿಗಳು ತಿರಸ್ಕರಿಸಿದವು. ಮುಂದೆ ಆ ಬೆಳೆಯೇ ಪಶ್ಚಿಮದ ಒಣ ಸೀಮೆಗಳ ಕಡೆ ಸರಿಯಿತು. ರೈತರು ಸೋತರು, ಕುಡಿಯುವವರು ಉಳಿದರು. ಇಂಥ ಷರತ್ತು ಹಾಕುವ ಬಲ ತಿಂಗಳಿಗೆ ನಾಲ್ಕು ಮೂಟೆ ಕೊಳ್ಳುವ ಸಣ್ಣ ಬ್ರೂವರಿಗೆ ಇರುವುದಿಲ್ಲ. ಆದ್ದರಿಂದ ಸಿದ್ಧ ಮಾಲ್ಟಿನ ಮೇಲೇ, ಗ್ಲುಕೋಸೈಡ್ ಸೇರಿಸಿ, ಎಲ್ಲ ಕಡೆ ಮಿತಿ ಬರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಲ್ಕೋಹಾಲ್ ಇಲ್ಲದ ಬಿಯರ್‌ಗೆ ಬದಲಾದರೆ ದೊಡ್ಡ ಅಪಾಯ ತಪ್ಪುತ್ತದೆ, ಆದರೆ ಡಾನ್ ತಪ್ಪುವುದಿಲ್ಲ. ಅದೂ ಮಾಲ್ಟಿನದೇ. ಮಕ್ಕಳಿಗೆ ಕೊಡುವವರು ಇದನ್ನು ಗಮನಿಸಬೇಕು, ತೂಕ ಕಡಿಮೆ ಇದ್ದಷ್ಟೂ ಮಿತಿ ಬೇಗ ಮುಟ್ಟುತ್ತದೆ. ವಿಸ್ಕಿಯಂಥ ಭಟ್ಟಿ ಮದ್ಯದಲ್ಲಿ ಈ ವಿಷಗಳು ಆವಿಯಾಗದೆ ಹಿಂದೆ ಉಳಿಯುತ್ತವೆ. ಅದಕ್ಕಾಗಿ ವಿಸ್ಕಿಗೆ ಹೋಗಬೇಡಿ, ಅದರ ಆಲ್ಕೋಹಾಲ್ ಇನ್ನೂ ಜಾಸ್ತಿ.

ಕೊನೆಗೆ ನಿಮ್ಮ ತಮ್ಮನ ಬಿಯರ್. ಮನೆಯದು ಎಂದ ಮಾತ್ರಕ್ಕೆ ವಾಸಿಯಲ್ಲ, ಕೆಟ್ಟದ್ದೂ ಅಲ್ಲ. ಎಲ್ಲಾ ಮಾಲ್ಟಿನ ಮೇಲೆ ನಿಂತಿದೆ. ಬಾರ್ಲಿ ತಂದು ತಾವೇ ಮೊಳಕೆ ಕಟ್ಟಿ ಮಾಲ್ಟ್ ಮಾಡುತ್ತಿದ್ದರೆ ಅದನ್ನು ನಿಲ್ಲಿಸಲು ಹೇಳಿ. ಮನೆಯ ಸೆಕೆಯಲ್ಲಿ ನಾಲ್ಕು ದಿನ ಒದ್ದೆ ಕಾಳು ಇಟ್ಟರೆ ಯಾವ ಬೂಷ್ಟು ಬೆಳೆಯುತ್ತದೋ ಹೇಳಲಾಗದು. ಸಿದ್ಧ ಮಾಲ್ಟ್ ಕೊಳ್ಳುವುದಾದರೆ ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿ ಪಡೆಯಲಿ, ಅದರಲ್ಲಿ ಡಾನ್ ಎಷ್ಟಿದೆ ನೋಡಲಿ. ಒಳ್ಳೆಯ ಮಾಲ್ಟಿನಲ್ಲಿ ತೇವ 4-5 ಶೇಕಡಾ ಮಾತ್ರ. ಪುಡಿ ಮಾಡಿಟ್ಟರೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಆದ್ದರಿಂದ ಇಡಿ ಕಾಳನ್ನೇ ಗಾಳಿಯಾಡದ ಡಬ್ಬದಲ್ಲಿಟ್ಟು, ಬಿಯರ್ ಮಾಡುವ ದಿನವೇ ಒಡೆಸಿಕೊಳ್ಳಲಿ. ಮಾಲ್ಟಿನ ಕಾಳು ಬಾಯಿಗೆ ಹಾಕಿದರೆ ಗರಿಗರಿ ಅನ್ನಬೇಕು. ಮೆತ್ತಗಾಗಿದ್ದರೆ, ಕಮಟು ವಾಸನೆ ಬಂದರೆ, ಗುಲಾಬಿ ಅಥವಾ ಕಪ್ಪು ಚುಕ್ಕೆಯ ಕಾಳು ಕಂಡರೆ ಆ ಮಾಲ್ಟನ್ನು ಪೂರ್ತಿ ಎಸೆಯಲಿ. ಕೆಟ್ಟ ಕಾಳು ಆರಿಸಿ ತೆಗೆದು ಉಳಿದದ್ದನ್ನು ಬಳಸುವುದು ಬೇಡ, ಅದನ್ನು ಹಸುವಿಗೆ ಹಾಕುವುದೂ ಬೇಡ.